ಕೇಟೆ ಕೊಲ್ವಿಟ್ಸ್

ಪೂರ್ವ ಪ್ರಷ್ಯದ ಕೋನಿಗ್ಸ್‌ಬರ್ಗ್ ಪಟ್ಟಣದಲ್ಲಿ 1867ನೆಯ ಇಸವಿ ಜುಲೈ 8ರಂದು ಕೇಟೆ ಷ್ಮಿಟ್ ಎಂಬ ಬಾಲಿಕೆಯು ಜನಿಸಿದಳು. ಈಕೆಯ ಮಾತಾಮಹರಾದ ಯೂಲಿಯಸ್ ರುಪ್ಪರು ಲೂಥರನ್ ಬೋಧಕರಾಗಿದ್ದು, ಸರಕಾರದ ಅಧೀನದಲ್ಲಿದ್ದ ಸಭೆಯಿಂದ ಹೊರಹಾಕಲ್ಪಟ್ಟು, ಸ್ವತಂತ್ರ ಸಭೆಯೊಂದನ್ನು ಸ್ಥಾಪಿಸಿದವರು. ತಂದೆಯು ಮಗಳ ಕೈಚಳಕವನ್ನು ಚಿಕ್ಕಂದಿನಲ್ಲಿಯೇ ಗುರುತಿಸಿ ಚಿತ್ರ ಬರೆಯಲು ಕಲಿಸಿದನು. ಆ ಕಾಲದಲ್ಲಿ ದೊಡ್ಡ ಕಲಾಶಾಲೆಗಳು ಸ್ತ್ರೀಯರಿಗೆ ಬಾಗಿಲು ತೆರೆದಿರಲಿಲ್ಲವಾದುದರಿಂದ ಆಕೆಯು ಬರ್ಲಿನ್ ಮತ್ತು ಮ್ಯೂನಿಕ್ ನಗರಗಳ ಸ್ತ್ರೀ ಕಲಾಶಾಲೆಗಳಲ್ಲಿ ಅಭ್ಯಾಸಮಾಡಿದಳು.

1891ರಲ್ಲಿ ಕಾರ್ಲ್ ಕೊಲ್ವಿಟ್ಸ್ ಎಂಬ ವೈದ್ಯನೊಡನೆ ವಿವಾಹವಾಯಿತು. ಬರ್ಲಿನಿನ ಬಡವರ ಕೇರಿಯಲ್ಲಿ ಅವನ ಚಿಕಿತ್ಸಾಲಯವಿದ್ದಿತು. ಅಲ್ಲಿಗೆ ಬರುತ್ತಿದ್ದ ಶ್ರಮಿಕರ ಹೆಂಗಸರು, ಅವರ ಬಾಗಿದ ಬೆನ್ನು, ದುಡಿದು ದಪ್ಪನಾದ ಕೈಗಳು, ಇವೇ ಆಕೆಯ ಕಲೆಗೆ ವಸ್ತುವಾದುವು. ನೇಕಾರರ ದಂಗೆಯನ್ನು ಕುರಿತ ಆಕೆಯ ಆರು ಚಿತ್ರಗಳಿಗೆ 1898ರಲ್ಲಿ ಸುವರ್ಣಪದಕವು ಸೂಚಿತವಾದಾಗ ಚಕ್ರವರ್ತಿ ಎರಡನೆಯ ವಿಲ್ಹೆಲ್ಮನು ಸಮ್ಮತಿಸಲಿಲ್ಲ.

1914ರಲ್ಲಿ ಮಹಾಯುದ್ಧವು ಆರಂಭವಾಯಿತು. ಕಿರಿಯ ಮಗನಾದ ಪೇಟರನು ಹದಿನೆಂಟರ ಹುಡುಗನು. ಸೈನ್ಯವನ್ನು ಸೇರಲು ತಂದೆಯ ಅನುಮತಿ ಬೇಕಾಗಿತ್ತು, ತಂದೆಯು ಒಪ್ಪಲೊಲ್ಲನು. ಮಗನ ಪಕ್ಷವನ್ನು ಹಿಡಿದು ಗಂಡನನ್ನು ಒಪ್ಪಿಸಿದವಳು ತಾಯಿಯೇ. ಅಕ್ಟೋಬರ್ ತಿಂಗಳಲ್ಲಿ ಪೇಟರನು ಬೆಲ್ಜಿಯಮಿನಲ್ಲಿ ಮಡಿದನು. ಆ ಅನುಮತಿಯ ಭಾರವನ್ನು ಆಕೆಯು ಕಡೆಯವರೆಗೂ ಹೊತ್ತಳು.

ಈ ದುಃಖವನ್ನು ಹೇಳಲು ತಕ್ಕ ಸಾಧನವು ಬಹುಕಾಲ ದೊರೆಯಲಿಲ್ಲ. 1920ರಲ್ಲಿ ಎರ್ನ್‌ಸ್ಟ್ ಬಾರ್ಲಾಕನ ಮರದಚ್ಚಿನ ಚಿತ್ರಗಳನ್ನು ಕಂಡಮೇಲೆ ಆಕೆಯು ಉಳಿಯನ್ನು ಕೈಗೆತ್ತಿಕೊಂಡಳು. ನಮ್ಮ ಬಾಲೆಯರು ಲಿನೋಲಿಯಮ್ ತುಂಡಿನಲ್ಲಿ ಕೊರೆಯುವ ಅಚ್ಚಿನ ರೀತಿಯೂ ಇದೇ: ಕೆತ್ತಿ ತೆಗೆದುದು ಬಿಳುಪು, ಉಳಿದುದು ಕಪ್ಪು, ಒಮ್ಮೆ ಕೆತ್ತಿದುದನ್ನು ಮರಳಿ ತುಂಬುವಂತಿಲ್ಲ. ಹೀಗೆ ಏಳು ಚಿತ್ರಗಳ ‘ಯುದ್ಧ’ ಎಂಬ ಮಾಲೆಯು 1922ರ ಹೊತ್ತಿಗೆ ಸಿದ್ಧವಾಯಿತು. ಮೊದಲನೆಯದರಲ್ಲಿ ತಾಯಿಯೊಬ್ಬಳು ತನ್ನ ಹಸುಗೂಸನ್ನು ಎತ್ತಿ ಅರ್ಪಿಸುತ್ತಾಳೆ. ಎರಡನೆಯದರಲ್ಲಿ ಮೃತ್ಯುವು ತಮಟೆ ಬಾರಿಸುತ್ತ ತರುಣರನ್ನು ಕರೆದೊಯ್ಯುತ್ತದೆ. ಅದರ ಪಕ್ಕದಲ್ಲಿರುವವನು ಪೇಟರನೇ. ಮೂರನೆಯದರಲ್ಲಿ ಮೊಣಕಾಲೂರಿದ ತಂದೆತಾಯಿಗಳು ಒಂದೇ ಕರಿಯ ಬಂಡೆಯಂತೆ ಕೂಡಿಹೋಗಿದ್ದಾರೆ. ಮುಖಗಳು ಕಾಣಿಸುವುದೇ ಇಲ್ಲ. ಮುಖವಿಲ್ಲದೆಯೇ ಬೆನ್ನು ಅಳಬಲ್ಲುದೆಂಬುದನ್ನು ಇಲ್ಲಿ ನೋಡಬೇಕು. ಏಳರಲ್ಲಿ ಒಂದರಲ್ಲಿಯೂ ಶತ್ರುವಿನ ಚಿತ್ರವಿಲ್ಲ.

1919ರಲ್ಲಿ ಪ್ರಷ್ಯದ ಕಲಾ ಅಕಾಡೆಮಿಯು ಆಕೆಯನ್ನು ಸದಸ್ಯಳನ್ನಾಗಿ ಆರಿಸಿ ಪ್ರೊಫೆಸರ್ ಪದವಿಯನ್ನಿತ್ತಿತ್ತು. ಆದರೆ ಹಿಟ್ಲರನ ಪಕ್ಷವನ್ನು ಎದುರಿಸಲು ಕಾರ್ಮಿಕ ಪಕ್ಷಗಳು ಒಂದಾಗಬೇಕೆಂಬ ವಿಜ್ಞಾಪನೆಗೆ ಅಂಕಿತ ಹಾಕಿದುದರಿಂದ 1933ರಲ್ಲಿ ಅದನ್ನು ಬಿಡಬೇಕಾಯಿತು. 1936ರಲ್ಲಿ ಗುಪ್ತ ಪೋಲೀಸರು ಮನೆಗೆ ಬಂದು ಬೆದರಿಸಿದರು. 1940ರಲ್ಲಿ ಪತಿಯು ತೀರಿಹೋದನು. ಎರಡು ವರ್ಷಗಳ ತರುವಾಯ, ಸತ್ತ ಮಗನ ಹೆಸರನ್ನೇ ಹೊತ್ತ ಮೊಮ್ಮಗನು ರಷ್ಯದ ರಣರಂಗದಲ್ಲಿ ಬಿದ್ದನು. 1943ರಲ್ಲಿ ಬಾಂಬಿನಿಂದ ಮನೆಯೂ, ಅದರೊಡನೆ ಅನೇಕ ಚಿತ್ರಗಳೂ ನಾಶವಾದುವು. 1945ರ ಏಪ್ರಿಲ್ 22ರಂದು ಡ್ರೆಸ್ಡೆನ್ ಬಳಿಯ ಮೋರಿಟ್ಸ್‌ಬುರ್ಗಿನಲ್ಲಿ ಆಕೆಯು ದೈವಾಧೀನಳಾದಳು. ಯೂರೋಪಿನ ಯುದ್ಧವು ಮುಗಿಯಲು ಹದಿನಾರು ದಿನಗಳು ಉಳಿದಿದ್ದುವು.

ಮಗನ ಸಮಾಧಿಗೆಂದು ಹದಿನೆಂಟು ವರ್ಷಗಳ ಬಳಿಕ, 1932ರಲ್ಲಿ, ಆಕೆಯು ಎರಡು ಕಲ್ಲಿನ ವಿಗ್ರಹಗಳನ್ನು ನಿಲ್ಲಿಸಿದ್ದಳು. ತಂದೆಯು ತೋಳುಗಳನ್ನು ಬಿಗಿಹಿಡಿದು ನೆಟ್ಟಗೆ ಮೊಣಕಾಲೂರಿದ್ದಾನೆ. ತಾಯಿಯು ನೆಲದತ್ತ ಬಾಗಿದ್ದಾಳೆ. ಸಮಾಧಿಯು ಮುಂದೆ ಬೆಲ್ಜಿಯಮಿನ ವ್ಲಾಡ್‌ಸ್ಲೋಗೆ ಸ್ಥಳಾಂತರವಾದಾಗ ಅವುಗಳನ್ನೂ ಅಲ್ಲಿಗೆ ಒಯ್ದರು.