ಉಳುಮೆಯ ಯಂತ್ರಶಿಲ್ಪಿ ಹ್ಯಾರಿ ಫರ್ಗ್ಯುಸನ್

ಉಡುಪಿ, ಕಾಪು, ಕಾರ್ಕಳಗಳ ಗದ್ದೆಗಳಿಗಿಳಿಯುವ ಟ್ರ್ಯಾಕ್ಟರುಗಳ ಹಿಂಬದಿಯಲ್ಲಿ, ನೇಗಿಲನ್ನು ಹಿಡಿದೆತ್ತುವ ಮೂರು ತೋಳುಗಳ ಜೋಡಣೆಯನ್ನು ಕಾಣಬಹುದು. ಅದನ್ನು ರೂಪಿಸಿ ಕೃಷಿಲೋಕಕ್ಕಿತ್ತ ಧೀಮಂತರು ಹ್ಯಾರಿ ಫರ್ಗ್ಯುಸನ್.

1884ರ ನವೆಂಬರ್ 4ರಂದು ಐರ್ಲೆಂಡಿನ ಒಕ್ಕಲು ಮನೆತನವೊಂದರಲ್ಲಿ ಜನಿಸಿದ ಅವರು, 1909ರ ಡಿಸೆಂಬರ್ 31ರಂದು ಸ್ವನಿರ್ಮಿತ ವಿಮಾನವನ್ನೇರಿ ಆ ನಾಡಿನ ಪ್ರಥಮ ವೈಮಾನಿಕರೆನಿಸಿದರು. ಪ್ರಥಮ ಮಹಾಯುದ್ಧದ ಕಾಲದಲ್ಲಿ ಅವರ ಲಕ್ಷ್ಯ ನೇಗಿಲಿನತ್ತ ಹರಿಯಿತು. ಆಗ ಟ್ರ್ಯಾಕ್ಟರಿನ ಹಿಂದೆ ಎಳೆದೊಯ್ಯುತ್ತಿದ್ದ ನೇಗಿಲು ಬಂಡೆಗೆ ತಗುಲಿದರೆ ಯಂತ್ರವೇ ಹಿಂದಕ್ಕೆ ಮಗುಚಿ ಚಾಲಕನ ಪ್ರಾಣಕ್ಕೆ ಎರವಾಗುತ್ತಿತ್ತು. ನೇಗಿಲನ್ನೂ ಯಂತ್ರವನ್ನೂ ಒಂದಾಗಿ ಬೆಸೆದು ಅವರು ಈ ಅಪಾಯವನ್ನು ತಗ್ಗಿಸಿದರು.

1938ರಲ್ಲಿ ಹೆನ್ರಿ ಫೋರ್ಡರೊಡನೆ ಅವರು ಮಾಡಿಕೊಂಡ ಒಪ್ಪಂದಕ್ಕೆ ಕೈಕುಲುಕಿದ್ದೊಂದೇ ಸಾಕ್ಷಿ, ಕಾಗದಪತ್ರಗಳಿರಲಿಲ್ಲ. ಫೋರ್ಡರ ಮೊಮ್ಮಗನ ಆಡಳಿತದಲ್ಲಿ ಅದು ಮುರಿದುಬಿದ್ದಾಗ ವ್ಯಾಜ್ಯ ಅನಿವಾರ್ಯವಾಯಿತು. 1952ರಲ್ಲಿ 92.5 ಲಕ್ಷ ಡಾಲರುಗಳಿಗೆ ಅದು ಇತ್ಯರ್ಥವಾಯಿತು.

ಅವರ ಯಂತ್ರವಾದರೋ ತನ್ನ ದಾಖಲೆಯನ್ನು ಮೈಮೇಲೆಯೇ ಹೊತ್ತಿದೆ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಟಿ.ಇ.20 ಮಾದರಿಯ ಐದು ಲಕ್ಷಕ್ಕೂ ಮಿಕ್ಕ ಟ್ರ್ಯಾಕ್ಟರುಗಳು ತಯಾರಾದವು. ಫಲಕದ ಕ್ರಮಸಂಖ್ಯೆಯಿಂದ ಅವುಗಳ ನಿರ್ಮಾಣದ ವರ್ಷ ತಿಳಿಯುತ್ತದೆ. ಆರಂಭದವುಗಳಿಗೆ ಅಮೆರಿಕದ ಕಾಂಟಿನೆಂಟಲ್ ಎಂಜಿನ್ನಿತ್ತು. ಟಿ.ಇ.ಎ. ಎಂಬ ಅಕ್ಷರಗಳು ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಪೆಟ್ರೋಲ್ ಎಂಜಿನ್ನನ್ನೂ, ಟಿ.ಇ.ಎಫ್. ಎಂಬವು 1951ರಲ್ಲಿ ಬಂದ ಡೀಸೆಲ್ ಎಂಜಿನ್ನನ್ನೂ ಸೂಚಿಸುತ್ತವೆ. ಫಲಕಕ್ಕೂ ಎಂಜಿನ್ನಿಗೂ ಹೊಂದಿಕೆಯಿಲ್ಲದಿದ್ದರೆ, ಎರಡರಲ್ಲೊಂದು ಬದಲಾಗಿದೆಯೆಂದೇ ಅರ್ಥ.

1953ರಲ್ಲಿ ಅವರ ಸಂಸ್ಥೆ ಮ್ಯಾಸಿ ಹ್ಯಾರಿಸ್ ಸಂಸ್ಥೆಯೊಡನೆ ವಿಲೀನವಾಯಿತು. 1960ರ ಅಕ್ಟೋಬರ್ 25ರಂದು ಫರ್ಗ್ಯುಸನ್ನರು ನಿಧನ ಹೊಂದಿದರು. ಅದೇ ದಶಕದಲ್ಲಿ ಮದರಾಸಿನ ಟಾಫೆ ಸಂಸ್ಥೆ ಅವರ ಹೆಸರುಳ್ಳ ಟ್ರ್ಯಾಕ್ಟರುಗಳನ್ನು ಭಾರತದ ಹೊಲಗಳಿಗಿಳಿಸಿತು. ಬರಹವಿಲ್ಲದ ಮಾತು ಮುರಿಯಿತು. ಲೋಹದಲ್ಲಿ ಒತ್ತಿದ ಅಂಕಿ ಅವರ ದುಡಿಮೆಗೆ ಸಾಕ್ಷಿಯಾಗಿ ಉಳಿಯಿತು.