ಅಲನ್ ಟ್ಯೂರಿಂಗ್ ಮತ್ತು ಆದೇಶಗಳ ಜೋಡಣೆ

ಗಣಿತಜ್ಞ ಅಲನ್ ಟ್ಯೂರಿಂಗ್ 1912ರ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಜೂಲಿಯಸ್ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಐ.ಸಿ.ಎಸ್. ಅಧಿಕಾರಿ, ಅವರು ಆರಂಭದಲ್ಲಿ ಸೇವೆ ಸಲ್ಲಿಸಿದ ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಟ್ಯೂರಿಂಗರ 1936ರ ಪ್ರಬಂಧವೂ ಬ್ಲೆಚ್ಲಿ ಪಾರ್ಕಿನ ಗೂಢಲಿಪಿ ಭೇದನವೂ ಸುಪರಿಚಿತ. ಆದರೆ ಇಂದು ಪ್ರೋಗ್ರಾಮು ಕಟ್ಟುವವರನ್ನು ಕಾಡುವ ತೊಡಕೊಂದನ್ನು, ಅಂದರೆ ಕಂಪೈಲರ್ ಒಪ್ಪಿದರೂ ಲೈಬ್ರರಿಯ ತುಣುಕಿನ ವಿಳಾಸ ಸಿಗದೆ ಲಿಂಕರ್ ನಿಂತುಬಿಡುವ ತೊಡಕಿನ ಮೂಲವನ್ನು, ಅವರು ಯಂತ್ರವೇ ಸಿದ್ಧವಾಗದಿದ್ದ ಕಾಲದಲ್ಲಿ ಬಿಡಿಸಲು ಕುಳಿತಿದ್ದರೆಂಬುದು ಅಷ್ಟಾಗಿ ತಿಳಿದಿಲ್ಲ.

1945ರ ಕೊನೆಯಲ್ಲಿ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಅವರು ಎ.ಸಿ.ಇ. ಎಂಬ ಗಣಕದ ವರದಿ ಬರೆದರು. ಒಮ್ಮೆ ಬರೆದ ಸಬ್‌ರೂಟೀನನ್ನು ಹಲವು ಲೆಕ್ಕಗಳಿಗೆ ಬಳಸಬೇಕೆಂದರೆ, ಅದು ಸ್ಮೃತಿಯಲ್ಲಿ ಎಲ್ಲಿ ಕೂರುವುದೆಂದು ಮೊದಲೇ ತಿಳಿಯದು. ಮುಗಿದ ಮೇಲೆ ಎಲ್ಲಿಗೆ ಮರಳಬೇಕೆಂಬುದೂ ಪ್ರತಿ ಸಲ ಬೇರೆ. ಆದ್ದರಿಂದ ಸ್ಥಳಕ್ಕೆ ಕಟ್ಟುಬೀಳದ ರೂಪದಲ್ಲಿ ಆದೇಶಗಳನ್ನು ಸಂಗ್ರಹಿಸಿಟ್ಟು, ಜೋಡಿಸುವಾಗ ವಿಳಾಸ ತುಂಬಬೇಕೆಂದರು. ಮರಳುವ ವಿಳಾಸಗಳನ್ನು ಒಂದರ ಮೇಲೊಂದು ಹೂತಿಟ್ಟು, ಹಿಂತಿರುಗುವಾಗ ಮೇಲಿನದನ್ನು ಅಗೆದು ತೆಗೆಯುವುದು ಇನ್ನೊಂದು ಉಪಾಯ. ಆ ಕ್ರಿಯೆಗಳಿಗೆ ಹೂಳುವುದು, ಅಗೆಯುವುದು ಎಂಬರ್ಥದ ಹೆಸರುಗಳನ್ನೇ ಇಟ್ಟರು.

1948ರಲ್ಲಿ ಟ್ಯೂರಿಂಗ್ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದರು. ನಮ್ಮ ಬರ್ಚ್‌ವುಡ್‌ನಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ಹಾದಿ. 1951ರಲ್ಲಿ ಅಲ್ಲಿಗೆ ಫೆರಾಂಟಿ ಮಾರ್ಕ್ 1 ಬಂದಾಗ ಅದರ ಕೈಪಿಡಿಯನ್ನು ಬರೆದವರು ಅವರೇ. ಲೈಬ್ರರಿ ಇದ್ದದ್ದು ಕಾಂತೀಯ ಡ್ರಮ್ಮಿನಲ್ಲಿ. ಬೇಕಾದ ಭಾಗವನ್ನು ಕ್ಯಾಥೋಡ್ ಕಿರಣದ ನಳಿಕೆಗೆ ತರುವ ಆದೇಶವನ್ನೂ ಪ್ರೋಗ್ರಾಮು ಬರೆಯುವವರೇ ಬರೆಯಬೇಕು. ಆದೇಶಗಳೆಲ್ಲ ಟೆಲಿಪ್ರಿಂಟರಿನ 32 ಚಿಹ್ನೆಗಳಲ್ಲಿ; ಸಂಖ್ಯೆಗಳಲ್ಲಿ ಬಿಡಿಸ್ಥಾನವೇ ಮೊದಲು. ಒಂದು ಚಿಹ್ನೆ ತಪ್ಪಿದರೆ ಯಂತ್ರ ಯಾವ ದೂರನ್ನೂ ಹೇಳದೆ ಬೇರೆಲ್ಲಿಗೋ ಜಿಗಿಯುತ್ತಿತ್ತು. ಆಗ ಆದೇಶಗಳನ್ನು ಒಂದೊಂದಾಗಿ ನಡೆಸಿ, ಪರದೆಯ ಚುಕ್ಕೆಗಳನ್ನು ಓದಬೇಕು. ವೈದ್ಯವೃತ್ತಿಯ ನನಗೆ ಇದು ಬರೀ ನಾಡಿ ಹಿಡಿದು ರೋಗ ಗುರುತಿಸಿದಂತೆ ತೋರುತ್ತದೆ. ಟ್ಯೂರಿಂಗರಿಗೆ ಅದು ಕಷ್ಟವಾಗಲಿಲ್ಲ. ಇತರರಿಗಾಗಿ ಅದನ್ನು ಸುಲಭಗೊಳಿಸುವ ಆಸಕ್ತಿಯೂ ಅವರಿಗೆ ಇರಲಿಲ್ಲ. ಅವರ ದೊಡ್ಡ ಕೊರತೆ ಇದೇ ಎಂದು ನನ್ನ ಎಣಿಕೆ. ಕೇಂಬ್ರಿಡ್ಜಿನ ಡೇವಿಡ್ ವೀಲರ್ 1949ರಲ್ಲೇ, ಲೈಬ್ರರಿಯ ಟೇಪನ್ನು ಓದುವಾಗ ವಿಳಾಸಗಳನ್ನು ಯಂತ್ರವೇ ಸರಿಹೊಂದಿಸಿಕೊಳ್ಳುವಂತೆ ಮಾಡಿದ್ದರು. ಮಾರ್ಕ್ 1ಕ್ಕೆ 1952ರಲ್ಲಿ ಅಲಿಕ್ ಗ್ಲೆನ್ನಿ ಆಟೋಕೋಡ್ ಬರೆದರು. ಕಂಪೈಲರುಗಳ ಆದಿಯಲ್ಲಿ ಅದಕ್ಕೂ ಸ್ಥಾನವುಂಟು.

ಅದೇ ವರ್ಷ ಮಾರ್ಚ್ 31ರಂದು ನಟ್ಸ್‌ಫರ್ಡಿನ ನ್ಯಾಯಾಲಯದಲ್ಲಿ, ಸಲಿಂಗಸಂಬಂಧದ ಆರೋಪದ ಮೇಲೆ ಟ್ಯೂರಿಂಗರಿಗೆ ಶಿಕ್ಷೆಯಾಯಿತು. ಸೆರೆಮನೆಯ ಬದಲು ಒಂದು ವರ್ಷ ಈಸ್ಟ್ರೋಜೆನ್ ತೆಗೆದುಕೊಳ್ಳಬೇಕಾಯಿತು. ಅದನ್ನು ಚಿಕಿತ್ಸೆಯೆಂದು ಕರೆದದ್ದು ನಮ್ಮ ವೃತ್ತಿಗೆ ಅಂಟಿದ ಕಳಂಕ. 1954ರ ಜೂನ್ 7ರಂದು ವಿಲ್ಮ್‌ಸ್ಲೋದ ಮನೆಯಲ್ಲಿ ಅವರು ಸಯನೈಡಿನಿಂದ ಸತ್ತರು. ವಿಚಾರಣೆ ಅದನ್ನು ಆತ್ಮಹತ್ಯೆಯೆಂದಿತು. ಟೋನಿ ಬ್ರೂಕರ್ ರೂಪಿಸಿದ ಹೊಸ ಆಟೋಕೋಡ್ ಬಂದದ್ದೂ ಅದೇ ವರ್ಷ. ಡ್ರಮ್ಮಿನಿಂದ ನಳಿಕೆಗೆ ಏನನ್ನು ಯಾವಾಗ ತರಬೇಕೆಂಬ ಚಿಂತೆ ಅದರ ಬಳಕೆದಾರರಿಗೆ ಇರಲಿಲ್ಲ.