ಉಲ್ಲೇಖದಲ್ಲಿ ಉಳಿದ ಹೆಸರು

ಜೀವರಸಾಯನಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ದುಡಿದವರಿಗೆ ‘ಫಿಸ್ಕ್–ಸುಬ್ಬರಾವ್ ವಿಧಾನ’ ಚಿರಪರಿಚಿತವಾದುದು. ರಂಜಕದ ಪ್ರಮಾಣವನ್ನು ಅಳೆಯುವ ಈ ಕ್ರಮವನ್ನು ವಿವರಿಸುವ ಲೇಖನ ಅಮೆರಿಕದ ‘ಜರ್ನಲ್ ಆಫ್ ಬಯಲಾಜಿಕಲ್ ಕೆಮಿಸ್ಟ್ರಿ’ ಎಂಬ ಪತ್ರಿಕೆಯಲ್ಲಿ 1925ರಲ್ಲಿ ಪ್ರಕಟವಾಯಿತು. ಅಂದಿನಿಂದ ಸಂಶೋಧಕರು ಅದನ್ನು ಸಾವಿರಾರು ಸಲ ತಮ್ಮ ಬರಹಗಳಲ್ಲಿ ಉಲ್ಲೇಖಿಸಿದ್ದಾರೆ. ಆ ಶಾಸ್ತ್ರದಲ್ಲಿ ಅತ್ಯಧಿಕ ಉಲ್ಲೇಖವನ್ನು ಪಡೆದ ಲೇಖನಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿದೆ. ಆದರೆ ಆ ಸಮಾಸದ ಉತ್ತರಪದ ಯಾರದೆಂದು ವಿಚಾರಿಸಿದವರು ಬಹು ವಿರಳ.

ಯಲ್ಲಾಪ್ರಗಡ ಸುಬ್ಬರಾಯರು ಜನಿಸಿದ್ದು 1895ರ ಜನವರಿ 12ರಂದು, ಆಂಧ್ರದ ಭೀಮಾವರದಲ್ಲಿ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ಅನುತ್ತೀರ್ಣರಾಗಿ, ಮೂರನೆಯ ಸಲ ಮದರಾಸಿನಲ್ಲಿ ತೇರ್ಗಡೆಯಾದರು. ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಗ, ಗಾಂಧೀಜಿಯವರ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆಯ ಶಾಲೆಗೂ ಖಾದಿಯ ನಿಲುವಂಗಿಯನ್ನೇ ತೊಟ್ಟು ಹೋದರು. ಆಂಗ್ಲ ಪ್ರಾಧ್ಯಾಪಕರಿಗೆ ಅದು ಸಹನೆಯಾಗಲಿಲ್ಲ. ಪೂರ್ಣ ಪದವಿಗೆ ಬದಲಾಗಿ ಎಲ್.ಎಂ.ಎಸ್. ಎಂಬ ಕೆಳದರ್ಜೆಯ ಪ್ರಮಾಣಪತ್ರವಷ್ಟೇ ಅವರ ಕೈಸೇರಿತು. ಸ್ಪ್ರೂ ಎಂಬ ಕರುಳಿನ ಬೇನೆ ಅವರ ಸೋದರರನ್ನು ಬಲಿತೆಗೆದುಕೊಂಡಿತು. ಅದೇ ರೋಗ ತಮ್ಮನ್ನೂ ಹಿಡಿದಾಗ ಅವರು ಗುಣಹೊಂದಿದ್ದು ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಚಿಕಿತ್ಸೆಯಿಂದ. ಕೆಲಕಾಲ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸಿದ ಅವರು, 1920ರ ದಶಕದ ಆರಂಭದಲ್ಲಿ ಪತ್ನಿಯನ್ನು ಊರಿನಲ್ಲಿ ಬಿಟ್ಟು, ಮಾವನವರ ನೆರವಿನಿಂದ ಬಾಸ್ಟನ್ ನಗರಕ್ಕೆ ಹೊರಟರು. ಅಲ್ಲಿ ಆಸ್ಪತ್ರೆಯೊಂದರಲ್ಲಿ ರಾತ್ರಿಯ ಚಾಕರಿ ಮಾಡುತ್ತಲೇ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದಿ, ಸೈರಸ್ ಫಿಸ್ಕ್ ಅವರ ಪ್ರಯೋಗಶಾಲೆಯನ್ನು ಸೇರಿದರು.

ಅವರ ವಿಧಾನ ಸರಳವಾದುದು. ಫಾಸ್ಫೇಟು ಆಮ್ಲದಲ್ಲಿ ಮಾಲಿಬ್ಡೇಟಿನೊಡನೆ ಕೂಡಿ, ತಕ್ಕ ಅಪಕರ್ಷಕವನ್ನು ಬೆರೆಸಿದೊಡನೆ ನೀಲವರ್ಣವನ್ನು ತಳೆಯುತ್ತದೆ. ಆ ನೀಲಿಯ ಗಾಢತೆಯೇ ರಂಜಕದ ಅಳತೆ. ಸ್ನಾಯುವಿನ ರಸವನ್ನು ಹೀಗೆ ಪರೀಕ್ಷಿಸುತ್ತಿರುವಾಗ ಬಣ್ಣ ಮೂಡಲು ತಡವಾಗುವುದು ಅವರ ಕಣ್ಣಿಗೆ ಬಿತ್ತು. ಇನ್ನೊಬ್ಬರಾಗಿದ್ದರೆ ಅದನ್ನು ಪ್ರಯೋಗದ ದೋಷವೆಂದು ಬದಿಗಿಡುತ್ತಿದ್ದರೇನೋ! ಸುಲಭವಾಗಿ ಒಡೆದು ಫಾಸ್ಫೇಟನ್ನು ಮೆಲ್ಲಮೆಲ್ಲನೆ ಬಿಟ್ಟುಕೊಡುವ ಯಾವುದೋ ವಸ್ತು ಅಲ್ಲಿ ಅಡಗಿರಬೇಕೆಂದು ಇವರು ಬೆನ್ನುಹತ್ತಿದರು. 1927ರಲ್ಲಿ ಹೀಗೆ ಬೆಳಕಿಗೆ ಬಂದುದೇ ಫಾಸ್ಫೋಕ್ರಿಯಾಟಿನ್. ಸ್ನಾಯುವಿನ ಬಲಕ್ಕೆ ಲ್ಯಾಕ್ಟಿಕ್ ಆಮ್ಲವೇ ಮೂಲವೆಂಬ, ಅಂದು ಮಾನ್ಯವಾಗಿದ್ದ ಸಿದ್ಧಾಂತದ ಬುಡ ಇದರಿಂದ ಅಲುಗಾಡಿತು. 1929ರಲ್ಲಿ ಅವರು ಜೀವಕೋಶದ ಶಕ್ತಿಯ ನಾಣ್ಯವೆನಿಸಿದ ಎ.ಟಿ.ಪಿ.ಯನ್ನೂ ಬೇರ್ಪಡಿಸಿದರು; ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ನರೂ ಸ್ವತಂತ್ರವಾಗಿ ಅದನ್ನೇ ಕಂಡುಹಿಡಿದಿದ್ದರು.

ಇಷ್ಟಾದರೂ ಹಾರ್ವರ್ಡಿನಲ್ಲಿ ಅವರಿಗೆ ಖಾಯಂ ಹುದ್ದೆ ದೊರೆಯಲಿಲ್ಲ. ಸುಬ್ಬರಾಯರ ಕೆಲವು ಶೋಧಗಳು ಫಿಸ್ಕರ ಅಸೂಯೆಯಿಂದ ಬೆಳಕು ಕಾಣಲಿಲ್ಲವೆಂದೂ, ವರ್ಷಗಳ ಮೇಲೆ ಇತರರು ಅವನ್ನು ಮತ್ತೆ ಕಂಡುಹಿಡಿಯಬೇಕಾಯಿತೆಂದೂ, ಅದೇ ಪ್ರಯೋಗಶಾಲೆಯಲ್ಲಿ ಕಲಿತು 1988ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಜಾರ್ಜ್ ಹಿಚಿಂಗ್ಸ್ ತಿಳಿಸಿದ್ದಾರೆ. ಹೆಸರಿಗಾಗಿ ಹೋರಾಡುವುದು ಸುಬ್ಬರಾಯರ ಸ್ವಭಾವದಲ್ಲಿರಲಿಲ್ಲ. ಅದು ಸದ್ಗುಣವೇ ಸರಿ. ಆದರೆ ಅದರ ಲಾಭ ಪರರಿಗಾಯಿತೆಂಬುದನ್ನೂ ಹೇಳದಿರಲಾಗದು.

1940ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಔಷಧಶಾಲೆಯನ್ನು ಸೇರಿ, ಅದರ ಸಂಶೋಧನ ವಿಭಾಗವನ್ನು ನಡೆಸಿದರು. 1945ರಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸೋದರರನ್ನು ಕೊಂದ ಸ್ಪ್ರೂ ರೋಗಕ್ಕೆ ಅದು ಮದ್ದಾಯಿತು. ಆ ಆಮ್ಲಕ್ಕೆ ಪ್ರತಿಯಾಗಿ ರೂಪಿಸಿದ ಅಮಿನಾಪ್ಟೆರಿನ್ ಎಂಬ ಔಷಧವನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರರು ರಕ್ತದ ಅರ್ಬುದದಿಂದ ನರಳುತ್ತಿದ್ದ 16 ಮಕ್ಕಳಿಗೆ ಕೊಟ್ಟಾಗ, 10 ಮಕ್ಕಳು ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡರು. 1948ರಲ್ಲಿ ಹೊರಬಂದ ಆ ಹೆಸರಾಂತ ಲೇಖನದ ಕರ್ತೃಗಳಲ್ಲಿ ಸುಬ್ಬರಾಯರ ಹೆಸರಿಲ್ಲ. ಆನೆಕಾಲು ರೋಗಕ್ಕೆ ಕೊಡುವ ಡೈಈಥೈಲ್ ಕಾರ್ಬಮಜೀನ್ ಅವರ ವಿಭಾಗದಿಂದಲೇ ಹೊರಟ ಮದ್ದು. ನಮ್ಮ ಕರಾವಳಿಯಲ್ಲಿ ಆರೋಗ್ಯ ಇಲಾಖೆಯವರು ಮನೆಮನೆಗೂ ಹಂಚಿದ ಗುಳಿಗೆ ಅದೇ.

1948ರ ಆಗಸ್ಟ್ ತಿಂಗಳಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ಅವರು ನಿದ್ರೆಯಲ್ಲಿಯೇ ತೀರಿಕೊಂಡರು. ಹೊರಟ ಮೇಲೆ ಅವರು ಒಮ್ಮೆಯೂ ಸ್ವದೇಶಕ್ಕೆ ಮರಳಿರಲಿಲ್ಲ; ಊರಿನಲ್ಲಿ ಕಾದಿದ್ದ ಪತ್ನಿ ಅವರನ್ನು ಮತ್ತೆ ಕಾಣಲಿಲ್ಲ.